ಗಂಗಿ ಗೌರಿಯರ ಊಟದ ಪಂಚಾಯಿತಿ

ಮನೆಗೆ ಬರುವ ಅತಿಥಿಗಳಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಭಯ ಹುಟ್ಟಿಸುವವರು ಏನೂ ಬೇಡ ಎನ್ನುವವರು. ಚಹಾಕ್ಕೆ ಸಕ್ಕರೆ ಕಡಿಮೆಯಾಯಿತು, ಪಲ್ಯಕ್ಕೆ ಖಾರ ಹೆಚ್ಚಾಯಿತು ಎಂದು ಬಾಯಿಬಿಟ್ಟು ಹೇಳುವವರನ್ನು ಹೇಗಾದರೂ ಸಂಭಾಳಿಸಬಹುದು. ತಟ್ಟೆಯ ಮುಂದೆ ಸುಮ್ಮನೆ ನಗುತ್ತಾ ಕುಳಿತು, ಬಡಿಸಿದ್ದನ್ನು ಮುಟ್ಟದೆ ಇರುವವರನ್ನು ಏನು ಮಾಡುವುದು? ಹೊಟ್ಟೆ ತುಂಬಿದೆಯೋ, ಅಡಿಗೆ ಸೇರಲಿಲ್ಲವೋ, ನನ್ನ ಮೇಲೆ ಸಿಟ್ಟೋ, ಎಲ್ಲವನ್ನೂ ನಾನೇ ಊಹಿಸಿಕೊಂಡು ಬೇಯಬೇಕು. ಅಂಥ ಅತಿಥಿಗಳಿಬ್ಬರು ಒಂದು ಚಳಿಗಾಲ ಪೂರ್ತಿ ಬಳ್ಳಾರಿಯ ನಮ್ಮ ಮನೆಯಲ್ಲಿದ್ದರು. ಅವರಿಗೆ ಮಾತು ಬರುತ್ತಿರಲಿಲ್ಲ, ಕಣ್ಣಿಗೆ ರೆಪ್ಪೆ ಇರಲಿಲ್ಲ, ಕಿವಿ ಇರಬೇಕಾದಲ್ಲಿ ಗರಿಯಂಥ ಜುಟ್ಟುಗಳಿದ್ದವು, ಹಗಲೂ ರಾತ್ರಿ ನೀರಿನಲ್ಲಿಯೇ ಇರುತ್ತಿದ್ದರು. ಇಷ್ಟನ್ನು ಬಿಟ್ಟರೆ ಉಳಿದೆಲ್ಲ ವಿಷಯದಲ್ಲೂ ಅವರು ನನ್ನ ಗಂಡನ ಕಡೆಯ ಕೆಲವು ನೆಂಟರಂತೆಯೇ ಇದ್ದರು.

ಅವರನ್ನು ತಂದು ಬಿಟ್ಟವರು ನನಗೆ ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸಿದ ಸಿಸ್ಟರ್ ಬೆನಡಿಕ್ಟಾ. ಮಂಗಳೂರಿನವರು, ಅವರ ಕನ್ನಡ ಇಸ್ತ್ರಿ ಮಾಡಿದ ಹಾಗೆ ಇರುತ್ತದೆ. ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಹಾಡು, ಕಸೂತಿ, ಚಮಚವನ್ನು ಸದ್ದಾಗದಂತೆ ಕೆಳಗಿಡುವುದು ಎಲ್ಲವನ್ನೂ ಕಲಿಸಿದರು. ಸಿಸ್ಟರ್ ಏನಾದರೂ ಕೇಳಿದಾಗ ಆಗುವುದಿಲ್ಲ ಎನ್ನುವುದು ಹೇಗೆಂದು ಮಾತ್ರ ಯಾರೂ ಕಲಿಸಲಿಲ್ಲ. ಮದುವೆಯಾಗಿ ಸೆರಗು ತಲೆಯ ಮೇಲೆ ಬಂದ ಮೇಲೂ ನನ್ನ ಸ್ಥಿತಿ ಅದೇ. ಅವರು ಒಂದು ದಿನ ಟಾಂಗಾದಿಂದ ಇಳಿದು, ಒದ್ದೆ ಬಟ್ಟೆ ಮುಚ್ಚಿದ ಬಕೆಟ್ಟನ್ನು ನಮ್ಮ ಪಡಸಾಲೆಯಲ್ಲಿಟ್ಟು, "ಶಾಂತಾ, ನಾನು ಕಣ್ಣಿನ ಆಪರೇಷನ್ನಿಗೆ ಮದರಾಸಿಗೆ ಹೋಗುತ್ತಿದ್ದೇನೆ. ಬರುವವರೆಗೆ ಇವುಗಳನ್ನು ನೀನು ನೋಡಿಕೊಳ್ಳಬೇಕು. ಈ ಜಿಲ್ಲೆಯಲ್ಲೆಲ್ಲೂ ಇಂಥ ಇನ್ನೊಂದು ಜೊತೆ ಇಲ್ಲ. ಎರಡನ್ನೂ ಹೀಗೆಯೇ ನನ್ನ ಕೈಗೆ ಒಪ್ಪಿಸುತ್ತೀಯಲ್ಲ?" ಎಂದರು. ಒಳಗೇನಿದೆ ಎಂದು ನೋಡುವ ಮೊದಲೇ ನನ್ನ ಬಾಯಿ "ಯೆಸ್ ಸಿಸ್ಟರ್" ಎಂದುಬಿಟ್ಟಿತು.

ಬಟ್ಟೆ ತೆಗೆದರೆ ಎರಡು ಪ್ರಾಣಿಗಳು. ಗೇಣುದ್ದ, ಮೀನಿನಂಥ ಬಾಲ, ಹಲ್ಲಿಯಂಥ ಕೈಕಾಲು, ಅಗಲವಾದ ತಲೆ. ಒಂದು ಕಪ್ಪು, ಇನ್ನೊಂದು ಹಾಲುಬಿಳುಪು, ಅದರ ಜುಟ್ಟು ಮಾತ್ರ ಕುಂಕುಮದ ಬಣ್ಣ. ಆಕ್ಸೊಲಾಟಲ್ ಎಂದು ಹೆಸರಂತೆ. ಮೆಕ್ಸಿಕೋ ಎಂಬ ದೇಶದ ಕೆರೆಯವು. ಮದರಾಸಿನ ಕಾಲೇಜಿನಲ್ಲಿದ್ದ ವಿದೇಶಿ ಪ್ರೊಫೆಸರರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಶಾಲೆಯ ಮಕ್ಕಳಿಗೆಂದು ಸಿಸ್ಟರ್ ಕೈಗೆ ಕೊಟ್ಟು ಹೋದದ್ದು. ಕಪ್ಪೆಯ ಮರಿ ದೊಡ್ಡದಾಗಿ ದಡ ಹತ್ತುತ್ತದೆ; ಇವು ಹತ್ತುವುದಿಲ್ಲ, ಸಾಯುವತನಕ ಮರಿಗಳಾಗಿಯೇ ನೀರಿನಲ್ಲಿ ಇದ್ದುಬಿಡುತ್ತವೆ ಎಂದು ಸಿಸ್ಟರ್ ವಿವರಿಸಿದರು. "ನಮ್ಮ ಬಸ್ಯಾ ಇದ್ದಂಗ," ಎಂದು ಬಾಗಿಲ ಹಿಂದಿನಿಂದ ನಮ್ಮ ಅತ್ತೆಯವರ ದನಿ ಬಂತು. ಬಸ್ಯಾ ಎಂದರೆ ಅವರ ಮಗ, ಅಂದರೆ ನನ್ನ ಯಜಮಾನರು, ಜಿಲ್ಲಾ ಕೋರ್ಟಿನ ವಕೀಲರು.

ಅತ್ತೆಯವರು ಹತ್ತಿರ ಬಂದು ಬಗ್ಗಿ ನೋಡಿದರು. ಅವುಗಳ ಬಾಯಿಯ ಗೆರೆ ಎರಡೂ ಕಡೆ ಮೇಲಕ್ಕೆ ಬಾಗಿರುವುದರಿಂದ ಅವು ಸದಾ ನಗುತ್ತಿರುವಂತೆ ಕಾಣುತ್ತವೆ. "ಎಷ್ಟು ನಗಮುಖದಾವು ಅದಾವವ್ವ! ಕರಿ ಬಣ್ಣದಾಕಿ ಗಂಗಿ, ಬಿಳಿ ಬಣ್ಣದಾಕಿ ಗೌರಿ," ಎಂದು ನಿಂತ ಹೆಜ್ಜೆಯಲ್ಲೇ ನಾಮಕರಣ ಮಾಡಿದರು. ಶಿವನ ಇಬ್ಬರು ಹೆಂಡಿರ ಹೆಸರು. ಸವತಿಯರನ್ನು ಒಂದೇ ಪಾತ್ರೆಯಲ್ಲಿ ಇಡುವುದು ಸರಿಯೇ ಎಂದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ಅತ್ತೆಯವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅವರ ತವರು ಸಿರುಗುಪ್ಪದ ಹತ್ತಿರದ ದೇಶನೂರು. ಕಾಲುವೆ ನೀರಿನ ಊರು. ಗದ್ದೆ, ಬತ್ತ, ಹಸಿರು. ಅಲ್ಲಿಂದ ವರ್ಷಕ್ಕೊಮ್ಮೆ ಹೊಸ ಅಕ್ಕಿ ಬರುತ್ತದೆ, ಆ ಅಕ್ಕಿಯ ವರ್ಣನೆ ವರ್ಷಪೂರ್ತಿ ನಡೆಯುತ್ತದೆ. ನನ್ನ ತವರು ಕುರುಗೋಡು. ಅಲ್ಲಿ ದೊಡ್ಡ ಬಸವಣ್ಣನಿದ್ದಾನೆ, ಗುಡ್ಡಗಳಿವೆ, ಕರಿನೆಲದಲ್ಲಿ ಒಳ್ಳೆಯ ಜೋಳ ಬೆಳೆಯುತ್ತದೆ. ಆದರೆ ಜೋಳವನ್ನು ಎಷ್ಟು ಹೊಗಳಿದರೂ ಅದಕ್ಕೆ ಅಕ್ಕಿಯ ಗತ್ತು ಬರುವುದಿಲ್ಲ ಎಂಬುದನ್ನು ನಾನು ಮದುವೆಯಾದ ಮೊದಲ ವರ್ಷವೇ ಅರಿತುಕೊಂಡೆ. ಇನ್ನು ಅತ್ತೆಯವರ ಆಡಳಿತದಲ್ಲಿ ಎರಡು ಕಟ್ಟಳೆಗಳು. ಮನೆಗೆ ಬಂದ ಜೀವ ಯಾವುದೂ ಹಸಿದು ಮಲಗಬಾರದು, ಅದು ಜಂಗಮರಾಗಲಿ, ಭಿಕ್ಷುಕನಾಗಲಿ, ದಾರಿತಪ್ಪಿದ ಕರುವಾಗಲಿ. ಎರಡನೆಯದು, ಮಾಂಸ ಹೊಸ್ತಿಲು ದಾಟಬಾರದು. ನಮ್ಮ ಬೆಕ್ಕು ಸಹ ಹಾಲು ಅನ್ನ ಉಂಡು ಹಗಲೆಲ್ಲ ಜಪಕ್ಕೆ ಕುಳಿತಂತೆ ಕಣ್ಣು ಮುಚ್ಚಿರುತ್ತಿತ್ತು. ಕತ್ತಲಾದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಈ ಎರಡು ಕಟ್ಟಳೆಗಳು ಎಂದಾದರೂ ಒಂದಕ್ಕೊಂದು ಡಿಕ್ಕಿ ಹೊಡೆಯಬಹುದೆಂದು ನಾವ್ಯಾರೂ ಎಣಿಸಿರಲಿಲ್ಲ.

ಮೊದಲ ತೊಂದರೆ ನೀರಿನದು. ಅವಕ್ಕೆ ತಣ್ಣೀರು ಬೇಕು. ಬಳ್ಳಾರಿಯಲ್ಲಿ ಚಳಿಗಾಲವೆಂದರೆ ಬೇಸಿಗೆಯು ಸ್ವಲ್ಪ ಹೊತ್ತು ಕುಳಿತು ಸುಧಾರಿಸಿಕೊಳ್ಳುವ ಕಾಲ, ಅಷ್ಟೆ. ಅಗಲ ಬಾಯಿಯ ಮಣ್ಣಿನ ಬಾನಿಯೊಂದನ್ನು ತರಿಸಿ, ಹಿತ್ತಲ ಪಡಸಾಲೆಯ ನೆರಳಿನಲ್ಲಿ ಮರಳು ಹಾಸಿ ಅದರ ಮೇಲಿಟ್ಟು, ಸುತ್ತ ಒದ್ದೆ ಗೋಣಿತಟ್ಟು ಸುತ್ತಿದೆ. ತಟ್ಟು ಒಣಗಿದಾಗಲೆಲ್ಲ ನೀರು ಚಿಮುಕಿಸಬೇಕು. ಮಗುವಿನ ಜ್ವರ ನೋಡುವಂತೆ ತಾಸಿಗೊಮ್ಮೆ ಬಾನಿಯ ಮೈ ಮುಟ್ಟಿ ನೋಡುವುದು ನನಗೆ ಅಭ್ಯಾಸವಾಯಿತು. ಅದು ಹೇಗೋ ನಡೆಯಿತು. ಎರಡನೆಯ ತೊಂದರೆ ಒಂದು ಡಬ್ಬಿಯಲ್ಲಿತ್ತು. ಸಿಸ್ಟರ್ ಬಿಟ್ಟುಹೋದ ಆ ಡಬ್ಬಿಯನ್ನು ಅತ್ತೆಯವರು ಏನೋ ಗೊಬ್ಬರವೆಂದು ತೆರೆದರು. ಒಳಗೆ ಹಸಿಮಣ್ಣು, ಮಣ್ಣಿನಲ್ಲಿ ಮಿಲಮಿಲ ಎರೆಹುಳುಗಳು.

"ಏ ಶಾಂತಾ, ಇವು ಯಾತಕ್ಕ?"

"ಅವುಗಳ ಊಟ ಅತ್ತ್ಯಾರ," ಎಂದೆ ನೆಲ ನೋಡುತ್ತ.

ಅತ್ತೆಯವರು ಡಬ್ಬಿಯನ್ನು ಹಿತ್ತಿಲಿಗೆ ಒಯ್ದು ನಿಂಬೆಯ ಗಿಡದ ಬುಡದಲ್ಲಿ ಬೋರಲು ಹಾಕಿ, "ಹೋಗ್ರಪಾ, ಬದುಕ್ರಿ," ಎಂದು ಹುಳುಗಳನ್ನು ಆಶೀರ್ವದಿಸಿ ಬಂದರು. "ನಮ್ಮ ಮನ್ಯಾಗ ಇರೋತನ ಅವು ನಾವು ಉಣ್ಣದ ಉಣ್ಣಬೇಕು. ನಾವೇನು ಕಲ್ಲು ತಿಂತೀವೇನು?"

ನಾನು ಯಜಮಾನರ ಮೊರೆ ಹೋದೆ. ಆ ದಿನಗಳಲ್ಲಿ ಬಳ್ಳಾರಿ ಆಂಧ್ರಕ್ಕೆ ಸೇರಬೇಕೋ ಮೈಸೂರಿಗೆ ಸೇರಬೇಕೋ ಎಂದು ಊರೆಲ್ಲ ವಾದವೋ ವಾದ. ನಮ್ಮವರು ಸಂಜೆಯ ಸಭೆಗಳಲ್ಲಿ ಮೇಜು ಗುದ್ದಿ ಅಭಿಪ್ರಾಯ ಕೊಟ್ಟು ಬರುತ್ತಿದ್ದರು. ಆ ಮೇಜಿನ ಮುಂದೆ ಇದ್ದ ಧೈರ್ಯದ ಅರ್ಧದಷ್ಟೂ ಅವರಿಗೆ ಅಡಿಗೆಮನೆಯ ಬಾಗಿಲಲ್ಲಿ ಇರುತ್ತಿರಲಿಲ್ಲ.

"ಅವ್ವ, ಎರಿಹುಳ ಮಾಂಸ ಹೌದೋ ಅಲ್ಲೋ ಅನ್ನೋದು ಭಾಳ ಸೂಕ್ಷ್ಮ ಪ್ರಶ್ನಿ. ವಿಚಾರ ಮಾಡಾಕ ಸ್ವಲ್ಪ ವಾಯಿದಿ ಬೇಕು," ಎಂದರು.

"ನಿನ್ನ ನಂಬಿದ ಕಕ್ಷಿಗಾರ್ರು ಹೆಂಗ ಬದುಕ್ಯಾರೋ ಆ ಬಸವಣ್ಣಗ ಗೊತ್ತು," ಎಂದು ಅತ್ತೆ ಮೊಸರನ್ನ ಕಲಸಲು ಒಳಗೆ ಹೋದರು.

ಹೀಗೆ ಆರಂಭವಾಯಿತು ಗಂಗಿ ಗೌರಿಯರಿಗೆ ಸಂಸ್ಕಾರ ಕೊಡುವ ಕೆಲಸ. ಅತ್ತೆಯವರು ಬಾನಿಯ ಮುಂದೆ ಮಣೆ ಹಾಕಿಕೊಂಡು ಕುಳಿತರು. ನಾನು ಸಿಸ್ಟರ್ ಕೊಟ್ಟಿದ್ದ ಉದ್ದನೆಯ ಚಿಮಟದಿಂದ ಒಂದು ಅಗುಳು ಹಿಡಿದು ಗೌರಿಯ ಮೂಗಿನ ಮುಂದೆ ಆಡಿಸಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಇದ್ದಕ್ಕಿದ್ದಂತೆ ಗೌರಿ 'ಗಬಕ್' ಎಂದು ಬಾಯಿ ತೆರೆದಳು, ಅಗುಳು ಮಾಯ!

"ಉಂಡ್ಲು ನೋಡು! ಪಾಪ, ಇಷ್ಟು ದಿನ ಯಾರೂ ಅನ್ನ ಹಾಕಿದ್ದಿಲ್ಲ ಇವಕ್ಕ. ನಮ್ಮ ದೇಶನೂರಿನ ಅಕ್ಕಿ ಅಂದ್ರ..." ಅತ್ತೆಯ ಮಾತು ಮುಗಿಯುವ ಮೊದಲೇ ಅಗುಳು ಹೊರಗೆ ಬಂತು. ಸಿಟ್ಟಿಲ್ಲ, ಸೆಡವಿಲ್ಲ, ಗೌರಿಯ ಮುಖದ ಮೇಲೆ ಅದೇ ನಗು.

ಅತ್ತೆಯವರು ಬಗ್ಗಿ ಆ ಅಗುಳನ್ನೇ ನೋಡಿ, "ಉಪ್ಪು ಕಮ್ಮಿ ಆಗೈತಿ," ಎಂದರು.

ಮರುದಿನ ಜೋಳದ ನುಚ್ಚು. ಕುರುಗೋಡಿನ ಜೋಳ, ನನಗೆ ಒಳಗೊಳಗೆ ಆಸೆಯಿತ್ತು. ಅದೂ ಗಬಕ್ಕೆಂದು ಒಳಗೆ ಹೋಗಿ ಅಷ್ಟೇ ನಯವಾಗಿ ಹೊರಗೆ ಬಂತು. ಆಮೇಲೆ ಬೇಯಿಸಿದ ಹೆಸರುಬೇಳೆ, ನೆನೆಸಿದ ಮಂಡಾಳು ಎಂದರೆ ಮಂಡಕ್ಕಿ, ಹಾಲಿನಲ್ಲಿ ಅದ್ದಿದ ರೊಟ್ಟಿಯ ಚೂರು. "ಒಗ್ಗರಣಿ ಹಾಕಿ ನೋಡೋಣಲ್ಲ? ಒಗ್ಗರಣಿ ಇಲ್ಲದ ನೀನಾದ್ರೂ ತಿಂತಿಯೇನು?" ಎಂದು ಅತ್ತೆ ಸೌಟು ಹಿಡಿದು ಬಂದ ದಿನ ನಾನು ಬಾನಿಗೆ ಅಡ್ಡ ನಿಂತು ತಡೆಯಬೇಕಾಯಿತು. ಅನ್ನ ಬೇಳೆಯೆಲ್ಲ ನೀರಿನಲ್ಲಿ ಹುಳಿತು ನಾರುತ್ತಿದ್ದುದರಿಂದ ದಿನಕ್ಕೆ ಮೂರು ನಾಲ್ಕು ಸಲ ನೀರು ಬದಲಿಸುತ್ತಿದ್ದೆ. ಗಂಗಿ ಗೌರಿ ಮಾತ್ರ ದಿನೇ ದಿನೇ ಸೊರಗುತ್ತ, ತಲೆ ಮೈಗಿಂತ ದೊಡ್ಡದಾಗಿ ಕಾಣುತ್ತ, ನಗುತ್ತಲೇ ಇದ್ದವು. ಕಾನ್ವೆಂಟಿನಲ್ಲಿ ನಮಗೂ ಸದಾ ಹಸನ್ಮುಖಿಗಳಾಗಿರಬೇಕೆಂದು ಹೇಳಿಕೊಟ್ಟಿದ್ದರು. ಆ ಬೋಧನೆಯ ಕಷ್ಟ ಏನೆಂದು ನನಗೆ ಆ ಬಾನಿಯೊಳಗೆ ಕಂಡಿತು: ಹಸಿದಿದ್ದೇವೆ ಎಂದು ಮುಖ ನೋಡಿ ತಿಳಿಯುವ ದಾರಿಯೇ ಇಲ್ಲ.

ಅಂಥದ್ದರಲ್ಲೇ ಒಂದು ಬೆಳಿಗ್ಗೆ ಅತ್ತೆಯವರ ಕೂಗು ಕೇಳಿ ಹಿಟ್ಟಿನ ಕೈಯಲ್ಲೇ ಓಡಿದೆ.

"ಏ ಶಾಂತಾ! ಗಂಗೀ ಕೈ ಎಲ್ಲೈತಿ?"

ನಿಜ. ಗಂಗಿಯ ಎಡಗೈ ಮೊಣಕೈಯವರೆಗೆ ಇರಲಿಲ್ಲ. ಹತ್ತಿರದಲ್ಲೇ ಗೌರಿ. ಅವಳ ಮುಖದ ಮೇಲೆ ಅದೇ ನಗು.

"ಬೆಕ್ಕಿಂದ ಕೆಲಸ ಇರಬೇಕು," ಎಂದರು ಅತ್ತೆ. ಆಮೇಲೆ ತಾವೇ, "ಬೆಕ್ಕಾಗಿದ್ರ ಕೈ ಒಂದ ತಿಂದು ಉಳಿದದ್ದು ಬಿಟ್ಟು ಹೋಗ್ತಿತ್ತೇನು?" ಎಂದು ನನ್ನ ಮುಖ ನೋಡಿದರು.

"ಹೊಟ್ಟಿಗೆ ಇಲ್ಲಂದ್ರ ಒಂದನ್ನೊಂದು ಕಚ್ಚತಾವ ಅಂತ ಸಿಸ್ಟರ್ ಹೇಳಿದ್ರು, ಅತ್ತ್ಯಾರ."

ಅತ್ತೆಯವರು ಮಣೆಯ ಮೇಲೆ ಕುಳಿತುಬಿಟ್ಟರು. "ನಮ್ಮ ಮನ್ಯಾಗ?" ಎಂದರು. ಮತ್ತೆ, ಮೆಲ್ಲಗೆ, "ನಮ್ಮ ಮನ್ಯಾಗ ಹಸದು?" ಎಂದರು. ಅವರ ಆ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಬಾಗಿಲಿಗೆ ಬಂದ ಯಾರನ್ನೂ ಬರಿಹೊಟ್ಟೆಯಲ್ಲಿ ಕಳಿಸದ ಹೆಂಗಸು ಅವರು. ಆ ದಿನ ಪೂಜೆ ಮುಗಿಸಿ ಬಂದವರು ತಟ್ಟೆಯ ಮುಂದೆ ಕುಳಿತು, ಒಂದು ತುತ್ತೂ ಎತ್ತದೆ ಎದ್ದರು. "ಹುಳ ತರಸು. ಪಾಪ ಬಂದ್ರ ನನಗ ಬರಲಿ. ಉಪವಾಸ ಕೆಡವಿದ ಪಾಪಕ್ಕಿಂತ ಅದೇನು ದೊಡ್ಡದಲ್ಲ."

ಇದೇ ಹೊತ್ತಿಗೆ ನಮ್ಮವರು ಕೋಟು ಹಾಕಿಕೊಳ್ಳುತ್ತ ಬಂದು, "ಅವ್ವ, ಆ ವಿಷಯ ಪೂರ್ತಿ ವಿಚಾರ ಮಾಡಿದೆ. ಎರಿಹುಳದಾಗ ಎಲುಬು ಇಲ್ಲ, ಆದ್ದರಿಂದ..." ಎಂದು ಆರಂಭಿಸಿದರು.

"ನಿನ್ನ ತೀರ್ಪು ಬರೋದ್ರಾಗ ಒಂದು ಕೈ ಹೋತು ಲೇ. ಇನ್ನೂ ಮೂರು ಕೈಕಾಲು ಉಳದಾವ, ಮತ್ತೊಂದು ವಾಯಿದಿ ತಗೋ," ಎಂದರು ಅತ್ತೆ. ನಮ್ಮವರು ಕೋರ್ಟಿಗೆ ಅಂದು ಬೇಗ ಹೋದರು.

ಅಪ್ಪಣೆಯೇನೋ ಸಿಕ್ಕಿತು, ಹುಳು ಎಲ್ಲಿ? ನಿಂಬೆಯ ಗಿಡದ ಬುಡ ಅಗೆದೆ; ಆಶೀರ್ವಾದ ಪಡೆದು ಹೋದವರು ಮರಳಿ ಸಿಗಲಿಲ್ಲ. ಬಚ್ಚಲ ನೀರು ಹರಿಯುವ ಕಡೆ ಕೆದಕಿ ನೂಲೆಳೆಯಂಥ ನಾಲ್ಕು ಹುಳುಗಳನ್ನು ಹಿಡಿದೆ. ಸವತಿಯರನ್ನು ಬೇರೆ ಬೇರೆ ಬಾನಿಗಳಲ್ಲಿಟ್ಟು, ಕುರುಗೋಡಿಗೆ ಹೇಳಿ ಕಳಿಸಿದೆ. ನನ್ನ ತಮ್ಮ ವಿರುಪಾಕ್ಷಿ ತಂಬಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. "ಅಕ್ಕ, ನಮ್ಮ ಹೊಲ ಬಿರುಕು ಬಿಟ್ಟಾವ, ಕೈ ಹಾಕಿದ್ರ ಮೊಣಕೈತನ ಹೋಗ್ತೈತಿ. ಅಲ್ಲೆಲ್ಲಿ ಹುಳ? ತಿಪ್ಪ್ಯಾಗ ಇದ್ದವನ್ನ ಹುಡುಕಿ ತಂದೀನಿ," ಎಂದ. ಕೆಂಪಗೆ ಸಣ್ಣಗಿದ್ದ ಆ ಹುಳುವನ್ನು ನಾನು ಬಹಳ ಅಭಿಮಾನದಿಂದ ಗೌರಿಯ ಮುಂದೆ ಹಿಡಿದೆ. ಗಬಕ್. ಮರುಕ್ಷಣ, ಥೂ. ತಿಪ್ಪೆಯ ಹುಳು ಕಹಿ ಇರುತ್ತದೆಂದು ಆಮೇಲೆ ತಿಳಿಯಿತು. ತಮ್ಮ ನನ್ನ ಮುಖ ನೋಡಿದ, ನಾನು ತಂಬಿಗೆ ನೋಡಿದೆ, ಅತ್ತೆಯವರು ನಮ್ಮಿಬ್ಬರನ್ನೂ ನೋಡಿದರು. "ತವರಿನಿಂದ ತಿಪ್ಪಿ ಹುಳ ತರಿಸ್ಯಾಳ," ಎಂದು ಗೋಡೆಗೆ ಹೇಳಿ, ದೇಶನೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು.

ನಾಲ್ಕು ದಿನದೊಳಗೆ ಅತ್ತೆಯವರ ತಮ್ಮ ಶರಣಪ್ಪ ಮಾವ ಬಾಗಿಲಲ್ಲಿ ನಿಂತು, "ಅಕ್ಕಾ, ಮೊದಲ ಅಕ್ಕಿ ಚೀಲ ಇಳಿಸ್ಲ್ಯಾ, ಹುಳದ ಗಡಗಿ ಇಳಿಸ್ಲ್ಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಜೀವನದಲ್ಲಿ ಮೊದಲ ಬಾರಿಗೆ ಅತ್ತೆ ಅಕ್ಕಿಗಿಂತ ಮುಂಚೆ ಬೇರೊಂದನ್ನು ಇಳಿಸಿಕೊಂಡರು. ಗದ್ದೆಯ ಬದುವಿನ ಮಣ್ಣು, ಅದರಲ್ಲಿ ಕಿರುಬೆರಳು ದಪ್ಪದ, ಮಿರಮಿರನೆ ಮಿಂಚುವ ಹುಳುಗಳು. ನಾನು ಕಣ್ಣು ಮುಚ್ಚಿ ಚಿಮಟ ಹಾಕಿದೆ. ಹಿಡಿದದ್ದು ಜಾರಿ ನನ್ನ ಪಾದದ ಮೇಲೆಯೇ ಬಿತ್ತು. ನಾನು ಕಿರುಚಿದ್ದು ಇಂಗ್ಲಿಷಿನಲ್ಲಿ ಎಂದು ಮಾವ ಇಂದಿಗೂ ಎಲ್ಲರಿಗೂ ಹೇಳುತ್ತಾರೆ. ಕೊನೆಗೆ ಹೇಗೋ ಗಂಗಿಯ ಮುಂದೆ ಹಿಡಿದೆ. ಗಬಕ್. ಎಲ್ಲರೂ ಬಾನಿಗೆ ಬಗ್ಗಿದೆವು. ಹೊರಗೆ ಬರಲಿಲ್ಲ. ಗಂಟಲು ಒಮ್ಮೆ ಏರಿಳಿಯಿತು, ಅಷ್ಟೆ.

"ತವರು ಅಂದ್ರ ಇದು!" ಎಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ.

ಅಂದಿನಿಂದ ಆಡಳಿತದ ತಿದ್ದುಪಡಿ ಜಾರಿಗೆ ಬಂತು. ಗಡಿಗೆ ದನದ ಕೊಟ್ಟಿಗೆಯ ಪಕ್ಕ. ಊಟ ಹಾಕುವವಳು ನಾನು. ಹಾಕಿದ ಮೇಲೆ ತಲೆಯ ಮೇಲೆ ನೀರು ಹೊಯ್ದುಕೊಂಡೇ ಒಳಗೆ ಬರಬೇಕು. ಚಳಿಗಾಲದಲ್ಲಿ ದಿನಕ್ಕೆ ಎರಡು ಸಲ ತಲೆಸ್ನಾನ ಮಾಡಿ ನನಗೆ ನೆಗಡಿ ಹಿಡಿಯಿತು, ಗಂಗಿ ಗೌರಿಯರಿಗೆ ಮೈ ಹಿಡಿಯಿತು. ಅತ್ತೆಯವರು ಹುಳು ಮುಟ್ಟುತ್ತಿರಲಿಲ್ಲ. ನೆರೆಯವರಿಗೆ ತೋರಿಸುವ ಭಾರ ಮಾತ್ರ ತಾವೇ ಹೊತ್ತರು. "ಇವು ನಮ್ಮ ದೇಶನೂರಿನ ಹುಳ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ ನೋಡವ್ವ. ಕುರುಗೋಡಿಂದೂ ಹಾಕಿ ನೋಡಿದ್ವಿ, ಉಗುಳಿಬಿಟ್ವು." ನಾನು ಚಹಾ ಕೊಡುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಅಕ್ಕಿಯಲ್ಲಿ ಸೋತದ್ದು ಹೋಗಲಿ, ಹುಳುವಿನಲ್ಲೂ ಸೋಲಬೇಕೆ?

ಆದರೆ ನನ್ನ ನಿಜವಾದ ಚಿಂತೆ ಗಂಗಿಯ ಕೈಯದು. ಎರಡನ್ನೂ ಹೀಗೆಯೇ ಒಪ್ಪಿಸುತ್ತೇನೆಂದು ಮಾತು ಕೊಟ್ಟಿದ್ದೆ. ಒಂದು ಕೈ ಕಡಿಮೆ ಒಪ್ಪಿಸುವುದು ಹೇಗೆ? ಅದೂ ಹೊಸ ಕಣ್ಣು ಹಾಕಿಸಿಕೊಂಡು ಬರುವವರಿಗೆ? ಆಗ ಒಂದು ವಿಚಿತ್ರ ನಡೆಯಿತು. ಗಾಯದ ತುದಿಯಲ್ಲಿ ಸಾಬೂದಾನಿಯ ಕಾಳಿನಂಥದ್ದೊಂದು ಮೂಡಿತು. ಅದು ಚಪ್ಪಟೆಯಾಯಿತು, ಸೀಳಿತು, ನೋಡನೋಡುತ್ತ ಜೀರಿಗೆಯ ಕಾಳಿನಂಥ ಬೆರಳುಗಳು ಹೊರಟವು. ದಿನವೂ ಬಾನಿಗೆ ವಿಭೂತಿ ಹಚ್ಚುತ್ತಿದ್ದ ಅತ್ತೆ ಕೈಮುಗಿದು, ಅರ್ಧ ಪುಣ್ಯವನ್ನು ವಿಭೂತಿಗೂ ಅರ್ಧವನ್ನು ದೇಶನೂರಿಗೂ ಹಂಚಿದರು. ನಾನು ಮಾತ್ರ ಬಾನಿಯ ಮುಂದೆ ಕುಳಿತು, "ಬೇಗ ಬೆಳಿ ತಾಯಿ, ಸ್ವಲ್ಪ ಬೇಗ," ಎಂದು ಬೇಡಿಕೊಳ್ಳುತ್ತಿದ್ದೆ.

ಬೇಗ ಬಂದವರು ಸಿಸ್ಟರ್. ಗಂಗಿಯ ಹೊಸ ಕೈ ಹಳೆಯದರ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಟಾಂಗಾ ನಿಂತ ಸದ್ದು. ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿಕೊಂಡು ಸಿಸ್ಟರ್ ನೇರ ಬಾನಿಯ ಹತ್ತಿರ ಹೋಗಿ ಬಗ್ಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು ಮುಂದೆ ಬಂದು ನಿಂತರು.

"ಸಿಸ್ಟರಮ್ಮಾರ, ಶಾಂತಾಂದೇನೂ ತಪ್ಪಿಲ್ರಿ. ನಾನ ಹುಳ ಚೆಲ್ಲಿದ್ದೆ. ಮನಿಗೆ ಬಂದಾರನ್ನ ಉಪವಾಸ ಹಾಕಿ ಒಂದು ಕೈ ಕಳದೆ. ಬೈಯೋದಿದ್ರ ನನಗ ಬೈರಿ."

ನನ್ನ ಪರವಾಗಿ ಅತ್ತೆಯವರು ವಾದಿಸಿದ್ದು ಅದೇ ಮೊದಲು. ಅವರ ಮಗನಿಗಿಂತ ಚೆನ್ನಾಗಿಯೇ ವಾದಿಸಿದರು. ಸಿಸ್ಟರ್ ಕನ್ನಡಕ ಸರಿಮಾಡಿಕೊಂಡು, "ಅಮ್ಮಾ, ಇದರ ಬಲಗೈಯನ್ನು ನೋಡಿದಿರಾ?" ಎಂದು ಕೇಳಿದರು. "ಅದೂ ಹೊಸದೇ. ಕಳೆದ ವರ್ಷ ನಮ್ಮ ತಪಸ್ಸುಕಾಲದಲ್ಲಿ ಹೋಯಿತು. ಆ ದಿನಗಳಲ್ಲಿ ಕಾನ್ವೆಂಟಿನಲ್ಲಿ ನಾವು ಮಾಂಸ ಬಿಡುತ್ತೇವೆ. ಇವುಗಳೂ ಬಿಡಲಿ ಎಂದು ಅಡಿಗೆಮನೆಯ ಸಿಸ್ಟರ್ ಬ್ರೆಡ್ಡು ಹಾಕುತ್ತಿದ್ದರಂತೆ. ನನಗೆ ಕಣ್ಣು ಮಂಜು, ಕಾಣಿಸಲಿಲ್ಲ."

ಅತ್ತೆಯವರ ಮುಖ ಅರಳಿತು. "ಅಂದ್ರ ನಿಮ್ಮ ಮಠದಾಗೂ ಹಿಂಗ ಆಗೈತಿ ಅನ್ರಿ!" ಎಂದು ಸಿಸ್ಟರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಹೊಸ ಅಕ್ಕಿಯ ಅನ್ನ ಬಡಿಸಿ, ಮೂರು ಸಲ ತುಪ್ಪ ಹಾಕಿದರು. ಗಂಗಿ ಗೌರಿ ಅದೇ ಬಕೆಟ್ಟಿನಲ್ಲಿ ಕಾನ್ವೆಂಟಿಗೆ ಹೋದವು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಂದಿನ ವಾರ ಶರಣಪ್ಪ ಮಾವ ಮತ್ತೊಂದು ಗಡಿಗೆ ಇಳಿಸಿದರು. ಸಾಕು ಎಂದು ಹೇಳಿಕಳಿಸಲು ನಾವು ಮರೆತಿದ್ದೆವು. ಹಿತ್ತಿಲಲ್ಲಿ ಚೆಲ್ಲುತ್ತೇನೆಂದು ನಾನು ಎತ್ತಿಕೊಂಡರೆ ಅತ್ತೆ ಹೌಹಾರಿದರು. "ತವರಿನಿಂದ ಬಂದದ್ದನ್ನ ಹೊರಗ ಚೆಲ್ಲತಾರೇನು? ಇವು ಏನು ತಿಂತಾವ?" ಮಣ್ಣು, ಒಣಗಿದೆಲೆ, ಕಾಯಿಪಲ್ಯದ ಸಿಪ್ಪೆ ಎಂದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ ಎಂಬುದೂ ಎರಡೇ ದಿನದಲ್ಲಿ ಗೊತ್ತಾಯಿತು. "ನಮಗಿಂತ ಮಡಿವಂತ ಅದಾವಲ್ಲ! ಸಾಕೋದಾದ್ರ ಇಂಥಾವನ್ನ ಸಾಕಬೇಕು," ಎಂದು ಅತ್ತೆ ಗಡಿಗೆಯನ್ನು ಪಡಸಾಲೆಗೇ ತರಿಸಿದರು. ಹೀಗಾಗಿ ಈಗ ನಮ್ಮ ಮನೆಯಲ್ಲಿ ಎರೆಹುಳುಗಳಿವೆ, ಅವುಗಳ ಊಟ ನನ್ನ ಪಾಲಿಗೆ ಬಂದಿದೆ. ಯಾರಾದರೂ ಬಂದು, ಕಾನ್ವೆಂಟಿನಲ್ಲಿ ಓದಿದ ಸೊಸೆ ಏನು ಮಾಡುತ್ತಾಳೆ ಎಂದು ಕೇಳಿದರೆ ಅತ್ತೆ ಬಹಳ ಗೌರವದಿಂದ, "ಹುಳ ಸಾಕ್ಯಾಳ," ಎನ್ನುತ್ತಾರೆ.

ನಿನ್ನೆ ಊಟಕ್ಕೆ ಕುಳಿತ ನಮ್ಮವರು, "ಹೀರೀಕಾಯಿ ಸಿಪ್ಪಿ ಚಟ್ನಿ ಮಾಡದ ಎಷ್ಟು ದಿನ ಆತು?" ಎಂದರು. ಅವರಿಗೆ ಆ ಚಟ್ನಿ ಎಂದರೆ ಪ್ರಾಣ. ಹುಳುಗಳಿಗೂ ಆ ಸಿಪ್ಪೆ ಎಂದರೆ ಪ್ರಾಣ. ನೀತಿಪಾಠದಲ್ಲಿ ಬಹುಮಾನ ಪಡೆದ ನಾನು ಅವರ ಕಣ್ಣಲ್ಲಿ ಕಣ್ಣಿಟ್ಟು, "ಈಗೀಗ ಬರೋ ಹೀರೀಕಾಯಿಗೆ ಸಿಪ್ಪೀನ ಇರಂಗಿಲ್ರಿ," ಎಂದೆ. ಸಾಕ್ಷಿಗಳ ಸುಳ್ಳನ್ನು ಮುಖ ನೋಡಿಯೇ ಹಿಡಿಯುವ ವಕೀಲರೆಂದು ಊರಲ್ಲಿ ಅವರಿಗೆ ಹೆಸರಿದೆ. ಒಂದು ಗಳಿಗೆ ನನ್ನನ್ನೇ ದಿಟ್ಟಿಸಿದರು, ಮೇಲೆ ಒಂದು ಪ್ರಶ್ನೆಯನ್ನೂ ಹಾಕದೆ ರೊಟ್ಟಿಗೆ ಮೊಸರು ಹಚ್ಚಿಕೊಂಡರು.